ಹಳೇ ಫ್ರಿಜ್ಜಿನೊಳಗಿನ ತೇವ

ಇಪ್ಪತ್ತೊಂಬತ್ತು ವರ್ಷ ಗಾಳಿಯ ತೇವ ಅಳೆಯುವುದೇ ನನ್ನ ಕೆಲಸವಾಗಿತ್ತು. ಬಬ್ಬೂರಿನ ಕೃಷಿ ಫಾರಂನಲ್ಲಿ, ಬಯಲಿನ ನಡುವೆ, ನಾಲ್ಕು ಕಾಲಿನ ಮೇಲೆ ನಿಂತ ಒಂದು ಬಿಳಿ ಮರದ ಪೆಟ್ಟಿಗೆ. ಒಳಗೆ ಎರಡು ಥರ್ಮಾಮೀಟರ್. ಒಂದು ಬರಿದೇ ಇರುತ್ತಿತ್ತು. ಇನ್ನೊಂದರ ಬುಡಕ್ಕೆ ತೆಳು ಹತ್ತಿ ಬಟ್ಟೆ ಸುತ್ತಿ, ಅದರ ತುದಿಯನ್ನು ಬತ್ತಿಯ ಹಾಗೆ ನೀರಿನ ಕುಪ್ಪಿಗೆ ಇಳಿಬಿಟ್ಟಿರುತ್ತಿದ್ದೆವು. ಗಾಳಿ ಒಣಗಿದ್ದಷ್ಟೂ ಬಟ್ಟೆಯ ನೀರು ಬೇಗ ಆರುತ್ತದೆ, ಆರಿದಷ್ಟೂ ಆ ಥರ್ಮಾಮೀಟರ್ ತಣ್ಣಗಾಗಿ ಕೆಳಗಿಳಿಯುತ್ತದೆ. ಎರಡರ ನಡುವಿನ ಅಂತರವನ್ನು ಪಟ್ಟಿಯಲ್ಲಿ ಹುಡುಕಿದರೆ ಗಾಳಿಯಲ್ಲಿ ನೂರಕ್ಕೆ ಎಷ್ಟು ತೇವ ಎನ್ನುವುದು ಸಿಗುತ್ತದೆ. ಬೆಳಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಹೋಗಿ ನೋಡಿ ಬರೆಯುವುದು. ಹಬ್ಬವೆಂದು ಬಿಡುವ ಹಾಗಿರಲಿಲ್ಲ, ಜ್ವರವೆಂದು ಬಿಡುವ ಹಾಗಿರಲಿಲ್ಲ. ಬರೆದದ್ದು ಎಲ್ಲಿಗೆ ಹೋಗುತ್ತದೆ, ಯಾರಿಗೆ ಬೇಕು ಎಂದು ನಾನು ಹೆಚ್ಚು ಕೇಳಿದವಳಲ್ಲ.

ನಿವೃತ್ತಿಯಾದ ಮೇಲೆ ಹಿರಿಯೂರಿನ ನಮ್ಮ ಮನೆಯಲ್ಲಿ ಹೊತ್ತು ಹೋಗುವುದು ಕಷ್ಟವಾಯಿತು. ಯಜಮಾನರು ಬೆಳಗ್ಗೆ ತಮ್ಮ ಬುಕ್ ಸ್ಟೋರಿಗೆ ಹೋದರೆ ಊಟಕ್ಕೇ ಬರುವುದು. ನಾನು ಏಳು ಗಂಟೆ ದಾಟುತ್ತಿದ್ದಂತೆ ಸುಮ್ಮನೆ ಹಿತ್ತಲಿಗೆ ಹೋಗಿ ನಿಲ್ಲುತ್ತಿದ್ದೆ. ಗೋಡೆಯ ಆಚೆ ಪಕ್ಕದ ಮನೆಯವರ ಕೋಳಿಗಳು ಕೆದರುತ್ತಿರುತ್ತಿದ್ದವು.

ಪಕ್ಕದ ಮನೆಯಾಕೆಗೂ ನನಗೂ ಒಂದೇ ವಯಸ್ಸು. ನಾನು ಅವಳನ್ನು ಆಪಾ ಎನ್ನುತ್ತೇನೆ, ಅವಳು ನನ್ನನ್ನು ಅಕ್ಕ ಎನ್ನುತ್ತಾಳೆ. ಆಪಾ ಎಂದರೂ ಅಕ್ಕನೇ, ಹಾಗಾಗಿ ಇಬ್ಬರಲ್ಲಿ ಯಾರು ದೊಡ್ಡವರು ಎನ್ನುವುದು ಇಪ್ಪತ್ತು ವರ್ಷದಿಂದ ತೀರ್ಮಾನವಾಗಿಲ್ಲ. ಅವಳ ಗಂಡ ಫ್ರಿಜ್ ರಿಪೇರಿ ಮಾಡುತ್ತಾರೆ. ಅವರ ಮನೆಯ ಮುಂದೆ ಯಾವಾಗಲೂ ನಾಲ್ಕೈದು ಸತ್ತ ಫ್ರಿಜ್ಜು ನಿಂತಿರುತ್ತವೆ. ಕೋಳಿಗಳು ಪೂರಾ ಆಪಾಳವೇ. ಹತ್ತು ಹನ್ನೆರಡು ನಾಟಿ ಕೋಳಿ, ಒಂದು ಹುಂಜ. ಕೆಂಪು ಕತ್ತಿನ, ಹಸಿರು ಬಾಲದ, ಕಾಲಿನ ಮುಳ್ಳು ಬೆರಳುದ್ದ ಬೆಳೆದ ಮುದಿ ಹುಂಜ. ಅದು ಬೇರೆ ಯಾರ ಕೈಗೂ ಸಿಗುತ್ತಿರಲಿಲ್ಲ. ಆಪಾ ಕೂತರೆ ಬಂದು ಪಕ್ಕದಲ್ಲಿ ನಿಲ್ಲುತ್ತಿತ್ತು.

ಆಷಾಢದ ಒಂದು ದಿನ ಬೆಳಗ್ಗೆ ಆಪಾ ಸೆರಗಿನಲ್ಲಿ ಮೊಟ್ಟೆ ತುಂಬಿಕೊಂಡು ನಮ್ಮ ಮನೆಗೆ ಬಂದಳು. ಕಾವಿಗೆ ಕೂತಿದ್ದ ಕೋಳಿಯನ್ನು ಮುಂಗುಸಿ ಹೊತ್ತುಕೊಂಡು ಹೋಗಿತ್ತು.

"ಅಕ್ಕ, ಇನ್ನೂ ಬೆಚ್ಚಗವೆ. ಏನ್ ಮಾಡಾಣ?"

ಬೇರೆ ಯಾವ ಕೋಳಿಯೂ ಕಾವಿಗೆ ಬಂದಿರಲಿಲ್ಲ. ಬಟ್ಟೆ ಸುತ್ತಿ, ಬಲ್ಬಿನ ಕೆಳಗಿಟ್ಟು ಏನೇನೋ ಮಾಡಿದೆವು. ಸಂಜೆಯ ಹೊತ್ತಿಗೆ ಅವು ತಣ್ಣಗಾದವು. ಅದನ್ನೆಲ್ಲ ನೋಡುತ್ತಾ ನಿಂತಿದ್ದ ಅವಳ ಗಂಡ, "ಅಕ್ಕಾರೆ, ಒಂದು ಸಿಂಗಲ್ ಡೋರ್ ಫ್ರಿಜ್ ಐತೆ. ಬಾಡಿ ಗಟ್ಟಿ, ಕಂಪ್ರೆಸರ್ ಮಾತ್ರ ಹೋಗೈತೆ. ತಣ್ಣಗಿಡೋ ಡಬ್ಬ ಬೆಚ್ಚಗೂ ಇಡ್ತೈತೆ. ಮರಿ ಮಾಡೋ ಮಿಷನ್ನು ಮಾಡ್ಕೊಡ್ತೀನಿ, ನೀವಿಬ್ರೂ ನೋಡ್ಕಳ್ರಿ" ಎಂದರು.

ವಾರದೊಳಗೆ ಮಾಡಿಯೂ ಬಿಟ್ಟರು. ಒಳಗೆ ಎರಡು ಬಲ್ಬು, ಕಂಪ್ಯೂಟರಿನ ಒಂದು ಸಣ್ಣ ಫ್ಯಾನು, ಬಿಸಿ ಹೆಚ್ಚಾದರೆ ತಾನೇ ಬಲ್ಬು ಆರಿಸುವ ಒಂದು ಸ್ವಿಚ್ಚು, ಬಾಗಿಲಿಗೆ ಅಂಗೈಯಗಲದ ಗಾಜು, ಗಾಳಿಯಾಡಲು ಮೇಲೊಂದು ಕೆಳಗೊಂದು ತೂತು. ಜಾಗ ಇದ್ದದ್ದು ನಮ್ಮ ಹಿಂದಿನ ಕೋಣೆಯಲ್ಲಿ, ಹಾಗಾಗಿ ಫ್ರಿಜ್ಜು ನಮ್ಮ ಮನೆಗೆ ಬಂತು. ಬಿಸಿ ನೋಡಿಕೊಳ್ಳಲು ಸ್ವಿಚ್ಚಿತ್ತು. ಉಳಿದದ್ದು ತೇವ. ಅದು ನನ್ನ ಪಾಲಿಗೆ ಬಿತ್ತು. ಬಿತ್ತು ಎನ್ನುವುದಕ್ಕಿಂತ ನಾನೇ ಕೈಚಾಚಿ ತೆಗೆದುಕೊಂಡೆ ಎನ್ನುವುದು ಸರಿ.

ಮೊಟ್ಟೆಯ ಚಿಪ್ಪಿನಲ್ಲಿ ಕಣ್ಣಿಗೆ ಕಾಣದ ತೂತುಗಳಿರುತ್ತವೆ. ಕಾವು ಕೊಟ್ಟಾಗ ಒಳಗಿನ ನೀರು ಅಲ್ಲಿಂದ ಸ್ವಲ್ಪ ಸ್ವಲ್ಪವೇ ಆರುತ್ತದೆ, ಆರಬೇಕು ಕೂಡ. ಆರಿದಷ್ಟೂ ದಪ್ಪ ತುದಿಯಲ್ಲಿ ಗಾಳಿಯ ಜಾಗ ಬೆಳೆಯುತ್ತದೆ. ಮರಿ ಚಿಪ್ಪು ಒಡೆಯುವ ಮುಂಚೆ ಮೊದಲ ಉಸಿರು ತೆಗೆದುಕೊಳ್ಳುವುದು ಅಲ್ಲಿ. ಹೊರಗೆ ತೇವ ಹೆಚ್ಚಿದ್ದರೆ ಮೊಟ್ಟೆ ಆರುವುದಿಲ್ಲ, ಮರಿ ಒಳಗಿನ ನೀರಿನಲ್ಲೇ ಉಸಿರು ಕಟ್ಟುತ್ತದೆ. ತೇವ ಕಡಿಮೆಯಿದ್ದರೆ ಅತಿಯಾಗಿ ಆರಿ, ಒಳಗಿನ ಪೊರೆ ತೊಗಲಿನಂತಾಗಿ ಮರಿಯ ಮೈಗೆ ಅಂಟಿಕೊಳ್ಳುತ್ತದೆ. ಹದಿನೆಂಟು ದಿನ ಒಂದು ಹದ, ಕೊನೆಯ ಮೂರು ದಿನ ಅದಕ್ಕಿಂತ ಜಾಸ್ತಿ ತೇವ. ಇದನ್ನೆಲ್ಲ ಓದಿಕೊಂಡೆ. ನಮ್ಮ ಫಾರಂನ ಮರದ ಪೆಟ್ಟಿಗೆಯಂಥದೇ ಕೆಲಸ ಅನ್ನಿಸಿತು. ಚಿತ್ರದುರ್ಗಕ್ಕೆ ಬಸ್ಸು ಹತ್ತಿ ಹೋಗಿ, ಕಾಲೇಜುಗಳಿಗೆ ಲ್ಯಾಬ್ ಸಾಮಾನು ಮಾರುವ ಅಂಗಡಿಯಲ್ಲಿ ಎರಡು ಥರ್ಮಾಮೀಟರ್ ತಂದೆ. ಒಂದರ ಬುಡಕ್ಕೆ ಯಜಮಾನರ ಹಳೇ ಪಂಚೆಯ ತುಂಡು ಸುತ್ತಿ ಕುಪ್ಪಿಗೆ ಇಳಿಬಿಟ್ಟೆ. ಕುಪ್ಪಿಗೆ ನಮ್ಮ ಬೋರ್‌ವೆಲ್ಲಿನ ನೀರು ತುಂಬಿದೆ.

ಆಪಾಳ ಗಂಡ ಒಂದು ಡಿಜಿಟಲ್ ಮೀಟರನ್ನೂ ತಂದಿದ್ದರು. ಬೆಂಕಿಪೊಟ್ಟಣದಷ್ಟು ದೊಡ್ಡದು, ತೇವ ಎಷ್ಟೆಂದು ನೇರವಾಗಿ ಅಂಕಿಯಲ್ಲೇ ತೋರಿಸುತ್ತದೆ. "ಭಾಯಿ, ಇದು ಆಟದ ಸಾಮಾನು, ನಂಬೋ ಹಂಗಿಲ್ಲ" ಎಂದು ಅದನ್ನು ಟೇಬಲ್ಲಿನ ಖಾನೆಗೆ ಹಾಕಿಬಿಟ್ಟೆ. ಫಾರಂನಲ್ಲಿ ಇದ್ದವರು, ಇವರಿಗೆ ಗೊತ್ತಿರುತ್ತೆ ಎನ್ನುವ ಭಾವ ಗಂಡಹೆಂಡತಿ ಇಬ್ಬರಿಗೂ ಇತ್ತು.

ಮೊದಲ ಸಲ ಇಪ್ಪತ್ನಾಲ್ಕು ಮೊಟ್ಟೆ ಇಟ್ಟೆವು. ದಿನಕ್ಕೆ ಮೂರು ಸಲ ತಿರುಗಿಸಿ ಇಡುವುದು ಆಪಾಳ ಕೆಲಸ. ಎಂಟನೇ ದಿನ ಅವಳು ಒಂದೊಂದನ್ನೇ ಟಾರ್ಚಿನ ಬೆಳಕಿಗೆ ಹಿಡಿದು ನೋಡಿದಳು. "ಬಾರ್ರಿ ಅಕ್ಕ, ಜೀವ ಆಡ್ತೈತೆ" ಎಂದು ಕರೆದು ತೋರಿಸಿದಳು. ಜೇಡನ ಬಲೆಯಂಥ ಕೆಂಪು ನರ, ಮಧ್ಯೆ ಅಲ್ಲಾಡುವ ಒಂದು ಚುಕ್ಕೆ. ಇಪ್ಪತ್ತರಲ್ಲಿ ಹಾಗೆ ಕಂಡಿತು.

ಅಷ್ಟರಲ್ಲಿ ನನ್ನ ಒದ್ದೆ ಬಟ್ಟೆಯ ಥರ್ಮಾಮೀಟರ್ ಮೇಲೇರತೊಡಗಿತ್ತು. ಇಪ್ಪತ್ತೊಂಬತ್ತರಲ್ಲಿ ಇರಬೇಕಾದದ್ದು ಮೂವತ್ತೊಂದು ಆಯಿತು, ಮೂವತ್ತೆರಡು ಆಯಿತು. ಪಟ್ಟಿ ನೋಡಿದೆ. ತೇವ ಜಾಸ್ತಿ. ಕೆಳಗಿಟ್ಟಿದ್ದ ನೀರಿನ ತಟ್ಟೆಯನ್ನು ತೆಗೆದು ಚಿಕ್ಕ ಬಟ್ಟಲು ಇಟ್ಟೆ. ಆದರೂ ಇಳಿಯಲಿಲ್ಲ. ಬಟ್ಟಲನ್ನೂ ತೆಗೆದೆ. ಹೊರಗೆ ಆಷಾಢದ ಗಾಳಿ. ಹಿರಿಯೂರಿನಲ್ಲಿ ಆ ಗಾಳಿ ಮಳೆ ತರುವುದಿಲ್ಲ. ಒಗೆದ ಸೀರೆ ಅರ್ಧ ಗಂಟೆಯಲ್ಲಿ ಗರಿಗರಿ ಒಣಗುತ್ತದೆ, ತುಟಿ ಒಡೆಯುತ್ತದೆ. ಅಂಥ ಗಾಳಿಯ ನಡುವೆ ಕೂತು ಫ್ರಿಜ್ಜಿನೊಳಗೆ ತೇವ ಜಾಸ್ತಿಯೆಂದು ನಾನು ನೀರು ತೆಗೆಯುತ್ತಿದ್ದೆ. ಅದು ವಿಚಿತ್ರ ಎಂದು ನನಗೆ ಹೊಳೆಯಲೇ ಇಲ್ಲ. ಅಂಕಿ ಹೇಳುತ್ತಿತ್ತು, ನಾನು ಮಾಡುತ್ತಿದ್ದೆ.

ಇಪ್ಪತ್ತೊಂದನೇ ದಿನ ಮೂರು ಮರಿ ಬಂದವು. ಐದು ಮೊಟ್ಟೆಗಳಲ್ಲಿ ಕೊಕ್ಕಿನ ತೂತು ಬಿದ್ದು ಅಲ್ಲಿಗೇ ನಿಂತಿತು. ಉಳಿದವು ಮಿಸುಕಲಿಲ್ಲ. ಇಪ್ಪತ್ಮೂರನೇ ದಿನದವರೆಗೆ ಕಾದು, ಅವನ್ನೆಲ್ಲ ಒಡೆಯದೆಯೇ ಹಿತ್ತಲ ಗುಂಡಿಗೆ ಹಾಕಿ ಮಣ್ಣು ಮುಚ್ಚಿದೆ.

"ಏನಾಯ್ತಕ್ಕ?" ಎಂದು ಕೇಳಿದಳು ಆಪಾ. "ಜೀವ ಇತ್ತಲ್ಲ, ನಾನೇ ನೋಡಿದ್ನಲ್ಲ."

ನಾನು ಒಂದು ಗಳಿಗೆಯೂ ಯೋಚಿಸಲಿಲ್ಲ. "ಹುಂಜಕ್ಕೆ ವಯಸ್ಸಾಗೈತೆ ಆಪಾ. ಬೀಜದಲ್ಲಿ ಶಕ್ತಿ ಇಲ್ಲ. ಜೀವ ಹಿಡೀತೈತೆ, ಆದ್ರೆ ಚಿಪ್ಪು ಒಡ್ಕಂಡು ಬರೋ ತಾಕತ್ತು ಮರಿಗೆ ಇರಲ್ಲ. ಮಿಷನ್ನಿನಾಗೆ ಎಲ್ಲಾ ಸರಿ ಇತ್ತು, ನಾನು ದಿನಾ ಬರ್ದಿದೀನಿ."

ಅವಳು ಗೋಡೆಯ ಆಚೆ ನೋಡಿದಳು. ಹುಂಜ ತಿಪ್ಪೆಯ ಮೇಲೆ ನಿಂತಿತ್ತು. "ಆರು ವರ್ಷ ಆಯ್ತು ಅದಕ್ಕೆ" ಎಂದಳು ಅಷ್ಟೇ.

ನಾಲ್ಕು ದಿನ ಕಳೆದು ನೋಡಿದರೆ ಹುಂಜ ಇರಲಿಲ್ಲ. ನಮ್ಮ ಬೀದಿಗೆ ದಿನಾ ಬೆಳಗ್ಗೆ ಆದಿವಾಲದಿಂದ ಹೂವು ತರುವ ಹೆಂಗಸೊಬ್ಬಳು ಇದ್ದಾಳೆ. ಅವಳ ಮನೆಯಲ್ಲೂ ಕೋಳಿ ಇವೆ. ಆಪಾ ಹುಂಜವನ್ನು ಅವಳಿಗೆ ಕೊಟ್ಟುಬಿಟ್ಟಿದ್ದಳು. "ಕೊಯ್ಯಾಕೆ ಮನಸ್ಸು ಬರ್ಲಿಲ್ಲ" ಎಂದಳು. ಸಂತೆಯಲ್ಲಿ ಒಂದು ಹರೆಯದ ಹುಂಜ ತಂದು ಬಿಟ್ಟಳು. ಅದು ಒಂದು ವಾರ ಮೂಲೆ ಬಿಟ್ಟು ಏಳಲಿಲ್ಲ.

ಹಳೇ ಹುಂಜದ ಅಂಶ ಕೋಳಿಗಳಲ್ಲಿ ಮೂರು ವಾರ ಇರುತ್ತದೆ, ಅದು ಕಳೆಯಲಿ ಎಂದು ನಾನೇ ಹೇಳಿದೆ. ಕಾದೆವು. ಆಮೇಲೆ ಕೂಡಿಸಿದ ಇಪ್ಪತ್ತೆರಡು ಮೊಟ್ಟೆಯನ್ನು ಎರಡನೇ ಸಲ ಇಟ್ಟೆವು. ಫ್ರಿಜ್ಜನ್ನು ಒರೆಸಿದೆ, ಡೆಟಾಲ್ ಹಾಕಿ ತೊಳೆದೆ, ಕುಪ್ಪಿಗೆ ಮತ್ತೆ ನೀರು ತುಂಬಿದೆ. ಬಟ್ಟೆಯನ್ನು ಮುಟ್ಟಲಿಲ್ಲ.

ಈ ಸಲ ಮೊದಲ ದಿನದಿಂದಲೇ ತೇವ ಜಾಸ್ತಿ ತೋರಿಸಿತು. ನೀರನ್ನೇ ಇಡಲಿಲ್ಲ. ಹದಿನಾಲ್ಕನೇ ದಿನ ಮೊಟ್ಟೆ ತಿರುಗಿಸುತ್ತಿದ್ದ ಆಪಾ ಎರಡು ಕೈಯಲ್ಲಿ ಎರಡು ಮೊಟ್ಟೆ ಹಿಡಿದು ನಿಂತಳು.

"ಅಕ್ಕ, ಇವು ಹಗುರಾಗ್ಯಾವೆ."

"ಆಗ್ಬೇಕಲ್ಲ ಆಪಾ, ನೀರು ಆರ್ತೈತೆ."

"ಇಷ್ಟು ಅಲ್ಲಕ್ಕ. ಕೋಳಿ ಕೆಳಗಿನ ಮೊಟ್ಟೆ ನಾನು ಎತ್ತಿಲ್ವಾ? ಇದು ಬೆಂಡಿನ ಹಂಗೈತೆ. ನಮ್ಮಮ್ಮ ಗಾಳಿ ದಿನದಾಗೆ ಕೋಳಿ ಬುಟ್ಟಿ ಕೆಳಗಿನ ಮಣ್ಣಿಗೆ ನೀರು ಚಿಮುಕಿಸೋಳು. ಒಂದು ಬಟ್ಲು ನೀರು ಇಡಾಣ."

"ಥರ್ಮಾಮೀಟರ್ ನೋಡು ಬಾ. ಆಗ್ಲೇ ಜಾಸ್ತಿ ಐತೆ. ಇನ್ನೂ ಇಟ್ರೆ ಮರಿ ಮುಳುಗಿ ಸಾಯ್ತವೆ."

ಅವಳು ನೋಡಲು ಬರಲಿಲ್ಲ. ಮೊಟ್ಟೆಯನ್ನು ವಾಪಸ್ಸಿಟ್ಟು ಬಾಗಿಲು ಹಾಕಿದಳು.

ಇಪ್ಪತ್ತೆರಡು ಮೊಟ್ಟೆಯಿಂದ ಒಂದೇ ಒಂದು ಮರಿ ಬಂತು. ಉಳಿದವನ್ನು ಗುಂಡಿಗೆ ಹಾಕಲು ಹೊರಟ ನನ್ನ ಕೈಯಿಂದ ಆಪಾ ಬುಟ್ಟಿ ತೆಗೆದುಕೊಂಡಳು. ಹಿತ್ತಲ ಕಟ್ಟೆಯ ಮೇಲೆ ಕೂತು, ಸ್ಟೀಲಿನ ತಟ್ಟೆ ಇಟ್ಟುಕೊಂಡು, ಒಂದೊಂದನ್ನೇ ಒಡೆದು ನೋಡಿದಳು. ನಾನು ಪಕ್ಕದಲ್ಲಿ ನಿಂತೆ. ಒಳಗೆ ಪೂರ್ತಿ ಬೆಳೆದ ಮರಿಗಳಿದ್ದವು. ಪುಕ್ಕ, ಉಗುರು, ಕೊಕ್ಕಿನ ತುದಿಯ ಬಿಳಿ ಮುಳ್ಳು ಎಲ್ಲ ಇತ್ತು. ಪೊರೆ ಮಾತ್ರ ಹಳೇ ಕಾಗದದಂತೆ ಒಣಗಿ ಮೈಗೆ ಬಿಗಿದುಕೊಂಡಿತ್ತು. ಗಾಳಿಯ ಜಾಗ ಮೊಟ್ಟೆಯ ಅರ್ಧದಷ್ಟಿತ್ತು. ಎಂಟು ಒಡೆದಳು, ಎಂಟೂ ಹಾಗೇ.

"ಇವು ಹರೆಯದ ಹುಂಜದವು" ಎಂದಳು.

ಒಳಗೆ ಹೋಗಿ, ಬಲ್ಬು ಆರಿಸಿ, ಥರ್ಮಾಮೀಟರನ್ನು ಹೊರಗೆ ತೆಗೆದೆ. ಬುಡದ ಬಟ್ಟೆಯನ್ನು ಮುಟ್ಟಿದರೆ ಹಪ್ಪಳದ ಹಾಗೆ ಗಟ್ಟಿಯಾಗಿತ್ತು. ಬೆಳ್ಳಗೆ ಉಪ್ಪು ಕಟ್ಟಿತ್ತು. ಕೆಳಗಿನ ತುದಿ ನೀರಿನಲ್ಲಿ ಮುಳುಗಿದ್ದರೂ ಮೇಲಿನವರೆಗೆ ನೀರು ಸರಿಯಾಗಿ ಏರುತ್ತಿರಲಿಲ್ಲ. ಖಾನೆಯಲ್ಲಿದ್ದ ಆಟದ ಸಾಮಾನನ್ನು ಹುಡುಕಿ ತೆಗೆದೆ. ಬಲ್ಬು ಹಾಕಿ, ಫ್ರಿಜ್ಜಿನೊಳಗೆ ಅದನ್ನಿಟ್ಟು ಗಂಟೆ ಕಳೆದು ನೋಡಿದೆ. ಇಪ್ಪತ್ತಾರು ತೋರಿಸುತ್ತಿತ್ತು. ಆ ಅರೆ ಒಣಗಿದ ಬಟ್ಟೆಯನ್ನು ನಂಬಿ ನಾನು ಎಪ್ಪತ್ತರ ಸುಮಾರು ಎಂದು ಬರೆಯುತ್ತಿದ್ದೆ.

ಕೆಲಸಕ್ಕೆ ಸೇರಿದ ಮೊದಲ ವಾರ ನನಗೆ ಹೇಳಿಕೊಟ್ಟಿದ್ದು ಇದೊಂದನ್ನೇ. ನಮ್ಮ ಸಾಹೇಬರು ಮರದ ಪೆಟ್ಟಿಗೆಯ ಮುಂದೆ ನಿಲ್ಲಿಸಿಕೊಂಡು, "ಬಟ್ಟೆ ಒಣಗಿದ್ರೆ ಎರಡೂ ಥರ್ಮಾಮೀಟರ್ ಒಂದೇ ತೋರಿಸ್ತವಮ್ಮ. ಬೇಸಿಗೇಲಿ ಕೂತು ಮಳೆಗಾಲ ಬರ್ದುಬಿಡ್ತೀಯ" ಎಂದಿದ್ದರು. ವಾರಕ್ಕೊಮ್ಮೆ ಬಟ್ಟೆ ಬದಲಾಯಿಸುವುದು, ಬೋರಿನ ನೀರು ಹಾಕದೆ ಮಳೆ ನೀರನ್ನೇ ಸೋಸಿ ಹಾಕುವುದು. ಇಪ್ಪತ್ತೊಂಬತ್ತು ವರ್ಷ ಒಂದು ಶನಿವಾರವೂ ತಪ್ಪಿಸದೆ ಮಾಡಿದ್ದೆ. ನನ್ನದೇ ಮನೆಯಲ್ಲಿ, ನನ್ನದೇ ಯಜಮಾನರ ಪಂಚೆ ಸುತ್ತಿ, ಎರಡೂವರೆ ತಿಂಗಳು ಅದನ್ನು ಕಣ್ಣೆತ್ತಿ ನೋಡಿರಲಿಲ್ಲ. ಯಾಕೆ ಎಂದು ಕೇಳಿಕೊಂಡರೆ ಉತ್ತರ ಸಿಗುವುದಿಲ್ಲ. ಅಲ್ಲಿ ಮೇಲೆ ಕೇಳುವವರು ಇದ್ದರು, ಇಲ್ಲಿ ನಾನೇ ಮೇಲಿನವಳಾಗಿದ್ದೆ. ಅಷ್ಟೇ ಇರಬೇಕು.

ಎರಡು ದಿನ ಹೇಳಲಿಲ್ಲ. ಮೂರನೇ ದಿನ ಮಧ್ಯಾಹ್ನ ಆ ಬಟ್ಟೆಯನ್ನೇ ಕೈಯಲ್ಲಿ ಹಿಡಿದುಕೊಂಡು ಅವರ ಮನೆಗೆ ಹೋದೆ. ಆಪಾ ಅಡುಗೆಮನೆಯ ಹೊಸ್ತಿಲ ಹತ್ತಿರ ಬೆಳ್ಳುಳ್ಳಿ ಬಿಡಿಸುತ್ತಿದ್ದಳು.

"ಬರ್ರಿ ಅಕ್ಕ, ಕುಂತ್ಕಳ್ರಿ."

ಕೂತೆ. ಬಟ್ಟೆ ತೋರಿಸಿ ಎಲ್ಲವನ್ನೂ ಹೇಳಿದೆ. ಮೊದಲ ಸಲ ಹಾಳಾದದ್ದೂ ಇದರಿಂದಲೇ, ಎರಡನೇ ಸಲದ್ದೂ ಇದರಿಂದಲೇ ಎಂದೆ. ನೀರು ಇಡಾಣ ಎಂದು ಅವಳು ಹೇಳಿದ್ದೇ ಸರಿ ಎಂದೆ.

ಅವಳು ಬಟ್ಟೆಯನ್ನು ತೆಗೆದುಕೊಂಡು ಉಗುರಿನಿಂದ ಕೆರೆದಳು. ಬಿಳಿ ಪುಡಿ ಉದುರಿತು.

"ಅಂದ್ರೆ ನನ್ ಹುಂಜದ ತಪ್ಪಿರ್ಲಿಲ್ಲ."

"ಇರ್ಲಿಲ್ಲ ಆಪಾ."

"ನೀವು ಹೇಳಿದ್ರಿ ಅಂತ ಕೊಟ್ಟೆ ನಾನು."

"ಹೌದು."

ಅವಳು ಮತ್ತೆ ಬೆಳ್ಳುಳ್ಳಿಗೆ ಕೈ ಹಾಕಿದಳು. ಚಹಾ ಕುಡೀರಿ ಎನ್ನಲಿಲ್ಲ. ಇಪ್ಪತ್ತು ವರ್ಷದಲ್ಲಿ ಆ ಮನೆಯಲ್ಲಿ ಚಹಾ ಕುಡಿಯದೆ ಎದ್ದು ಬಂದದ್ದು ಅದೇ ಮೊದಲು. ಆಮೇಲೆ ಐದು ದಿನ ಅವಳು ನಮ್ಮ ಕಡೆ ಬರಲಿಲ್ಲ. ಗೋಡೆಯಾಚೆ ಅವಳು ಕೋಳಿಗಳಿಗೆ ಕಾಳು ಎಸೆಯುವ ಸದ್ದು ಮಾತ್ರ ಕೇಳುತ್ತಿತ್ತು.

ಆರನೇ ದಿನ ಹೂವಿನಾಕೆಯನ್ನು ನಿಲ್ಲಿಸಿ, ಹುಂಜ ಇದೆಯೇ ಎಂದು ಕೇಳಿದೆ.

"ಐತಲ್ರೀ. ಅದಕ್ಕೇನು ರೋಗ? ಬೀದಿನೇ ಆಳ್ತೈತೆ."

ಬುಟ್ಟಿ ಖಾಲಿ ಮಾಡಿ ಅವಳು ಊರಿಗೆ ಹೊರಟಾಗ ನಾನೂ ಅವಳ ಜೊತೆ ಬಸ್ಸು ಹತ್ತಿದೆ. ಆದಿವಾಲದಲ್ಲಿ ಅವಳ ಮನೆ ಸೇವಂತಿಗೆ ತೋಟಕ್ಕೆ ಅಂಟಿಕೊಂಡೇ ಇದೆ. ಹುಂಜ ದನದ ಗೋದಲಿಯ ಮೇಲೆ ಹತ್ತಿ ನಿಂತಿತ್ತು. ಕೆಳಗೆ ಒಂದು ಕೋಳಿ ಹನ್ನೊಂದು ಮರಿ ಕಟ್ಟಿಕೊಂಡು ಕೆದರುತ್ತಿತ್ತು. ನಾಲ್ಕೈದು ಮರಿಗಳ ಕತ್ತು ಆಗಲೇ ಕೆಂಪಗಿತ್ತು. ನಾನು ಹುಂಜದ ಕಡೆ ಕೈ ತೋರಿಸಿದೆ.

"ಇದನ್ನ ವಾಪಸ್ ಕೊಡ್ತೀಯೇನಮ್ಮ? ಏನ್ ಬೇಕೋ ಕೇಳು."

"ಅಯ್ಯೋ, ಹೋಗ್ರಿ ಅತ್ಲಾಗೆ. ಕೊಟ್ಟಿದ್ದನ್ನ ವಾಪಸ್ ಕೇಳ್ತಾರೇನ್ರಿ? ನಮ್ಮ ಕೋಳಿಗಳು ಇದಕ್ಕೆ ಹೊಂದ್ಕಂಡವೆ" ಎಂದು ನಕ್ಕಳು. ನಾನು ಯಾಕೆ ಬಂದೆನೆಂದು ಪೂರ್ತಿ ಹೇಳಿದ ಮೇಲೆ ನಗು ನಿಲ್ಲಿಸಿದಳು. ಹುಂಜ ಕೊಡಲಿಲ್ಲ. ಒಳಗೆ ಹೋಗಿ ಮೊಟ್ಟೆ ತಂದಳು. ಪಕ್ಕದ ಮನೆಯಿಂದಲೂ ಕೇಳಿ ತಂದಳು, ಆ ಮನೆಯ ಕೋಳಿಗಳಿಗೂ ಇದೇ ಹುಂಜವಂತೆ. ಒಟ್ಟು ಇಪ್ಪತ್ತು. ಡಬ್ಬಿಗೆ ರಾಗಿ ಹೊಟ್ಟು ಸುರಿದು, ಒಳಗೆ ಮೊಟ್ಟೆ ಹೂತಿಟ್ಟು, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದೆ.

ಡಬ್ಬಿಯನ್ನು ಆಪಾಳ ಮುಂದಿಟ್ಟೆ. "ಹುಂಜ ಕೊಡ್ಲಿಲ್ಲ. ಅದರ ಮೊಟ್ಟೆ ಕೊಟ್ಟವ್ಳೆ."

ಅವಳು ಒಂದೊಂದನ್ನೇ ಹೊಟ್ಟಿನಿಂದ ತೆಗೆದು ಒರೆಸಿ ಸಾಲಾಗಿ ಇಟ್ಟಳು. ಆಮೇಲೆ ಕೇಳಿದಳು, "ಹೆಂಗೈತೆ?"

"ಚೆನ್ನಾಗೈತೆ. ಗೋದಲಿ ಮೇಲೆ ನಿಂತ್ಕಂಡಿತ್ತು."

"ಇನ್ನೇನ್ ಮಾಡಾಕಾಗ್ತೈತೆ" ಎಂದು ಎದ್ದು ಚಹಾಕ್ಕಿಟ್ಟಳು.

ಮೂರನೇ ಸಲ ಎಲ್ಲವನ್ನೂ ಬೇರೆ ರೀತಿ ಮಾಡಿದೆವು. ಕುಪ್ಪಿಗೆ ಕುಡಿಯುವ ನೀರಿನ ಘಟಕದಿಂದ ತಂದ ನೀರು, ನಾಲ್ಕು ದಿನಕ್ಕೊಮ್ಮೆ ಹೊಸ ಬಟ್ಟೆ. ಡಿಜಿಟಲ್ ಮೀಟರ್ ಎಷ್ಟು ನಂಬಿಕೆಯದು ಎಂದೂ ನೋಡಿದೆ. ಒಂದು ಮುಚ್ಚಳದಲ್ಲಿ ಒದ್ದೆ ಮಾಡಿದ ಅಡುಗೆ ಉಪ್ಪು ಹಾಕಿ, ಅದರೊಂದಿಗೆ ಮೀಟರನ್ನು ಗಾಜಿನ ಬಾಟಲಿಯಲ್ಲಿ ಬಿಗಿಯಾಗಿ ಮುಚ್ಚಿಟ್ಟರೆ ಒಳಗಿನ ತೇವ ಎಪ್ಪತ್ತೈದಕ್ಕೆ ನಿಲ್ಲುತ್ತದೆ. ಮೀಟರ್ ಎಪ್ಪತ್ತೊಂದು ತೋರಿಸಿತು. ನಾಲ್ಕು ಕಡಿಮೆ ತೋರಿಸುತ್ತದೆ ಎಂದು ತಿಳಿದುಕೊಂಡರಾಯಿತು. ಆಪಾ ಅದಕ್ಕೂ ಒಪ್ಪಲಿಲ್ಲ. ಏಳು ದಿನಕ್ಕೊಮ್ಮೆ ಮೊಟ್ಟೆಯನ್ನು ಬೆಳಕಿಗೆ ಹಿಡಿದು, ಗಾಳಿಯ ಜಾಗ ಎಲ್ಲಿಯವರೆಗೆ ಬಂದಿದೆಯೋ ಅಲ್ಲಿಗೆ ಚಿಪ್ಪಿನ ಮೇಲೆ ಪೆನ್ಸಿಲ್ ಗೆರೆ ಎಳೆದಳು. ಗೆರೆ ಬೇಗ ಇಳಿದರೆ ನೀರು ಹೆಚ್ಚಿಸುವುದು, ನಿಧಾನವಾದರೆ ಕಡಿಮೆ ಮಾಡುವುದು. ನನ್ನ ಪಟ್ಟಿಗಿಂತ ಅದು ಸುಲಭವಾಗಿತ್ತು. ಮೊಟ್ಟೆಯನ್ನೇ ಕೇಳಿದ ಹಾಗೆ.

ಹದಿನೆಂಟನೇ ದಿನ ತಿರುಗಿಸುವುದನ್ನು ನಿಲ್ಲಿಸಿ, ದೊಡ್ಡ ತಟ್ಟೆಯಲ್ಲಿ ಬೆಚ್ಚಗಿನ ನೀರಿಟ್ಟು ಬಾಗಿಲು ಹಾಕಿದೆವು. ಇನ್ನು ತೆಗೆಯುವ ಹಾಗಿಲ್ಲ, ತೆಗೆದರೆ ಒಳಗಿನ ತೇವವೆಲ್ಲ ಒಂದೇ ಸಲಕ್ಕೆ ಹೊರಗೆ ಹೋಗುತ್ತದೆ. ಇಪ್ಪತ್ತನೇ ದಿನ ಸಂಜೆ ಒಂದು ಮೊಟ್ಟೆಯಲ್ಲಿ ತೂತು ಬಿತ್ತು. ಮರುದಿನ ಹನ್ನೊಂದು ಗಂಟೆಯಾದರೂ ಆ ತೂತು ಅಷ್ಟೇ ಇತ್ತು. ಗಾಜಿನಲ್ಲಿ ಕೊಕ್ಕು ಕಾಣುತ್ತಿತ್ತು, ಒಮ್ಮೊಮ್ಮೆ ಚೀಂ ಎನ್ನುವುದೂ ಕೇಳುತ್ತಿತ್ತು. ನನಗೆ ತಡೆಯಲಾಗಲಿಲ್ಲ.

"ಅದೊಂದಕ್ಕೆ ಸ್ವಲ್ಪ ಚಿಪ್ಪು ಬಿಡಿಸಿಕೊಡ್ತೀನಿ ಆಪಾ. ಒಂದೇ ನಿಮಿಷ."

ಅವಳು ಪ್ಲಾಸ್ಟಿಕ್ ಕುರ್ಚಿಯನ್ನು ಎಳೆದು ಫ್ರಿಜ್ಜಿನ ಬಾಗಿಲಿಗೆ ಒತ್ತಿಟ್ಟು, ಅದರ ಮೇಲೆ ಕೂತಳು. "ಬೇಡ. ನೀವು ಹೋಗಿ ಅನ್ನ ಮಾಡ್ಕಳ್ರಿ."

ಹೋದೆ. ಅನ್ನ, ಸಾರು ಎಲ್ಲ ಮಾಡಿ ಬರುವ ಹೊತ್ತಿಗೆ ಆ ಮೊಟ್ಟೆ ಸುತ್ತಲೂ ಬಿರುಕು ಬಿಟ್ಟಿತ್ತು. ಒದ್ದೆ ಮರಿಯೊಂದು ಅರ್ಧ ಚಿಪ್ಪನ್ನು ಟೋಪಿಯ ಹಾಗೆ ಹೊತ್ತುಕೊಂಡು ಉರುಳಾಡುತ್ತಿತ್ತು. ಸಂಜೆಗೆ ಏಳು ಆದವು. ಮರುದಿನ ಮಧ್ಯಾಹ್ನಕ್ಕೆ ಹದಿನೈದು. ಆಪಾಳ ಗಂಡ ಅಂಗಡಿಯಿಂದ ಎರಡು ಸಲ ಬಂದು ಗಾಜಿಗೆ ಕಣ್ಣಿಟ್ಟು ನೋಡಿ ಹೋದರು. ನಮ್ಮ ಯಜಮಾನರು ಮೊದಲ ಬಾರಿಗೆ ಆ ಕೋಣೆಗೆ ಬಂದು, "ಇಷ್ಟು ಸದ್ದು ಮಾಡ್ತವಾ?" ಎಂದು ಕೇಳಿದರು.

ಉಳಿದ ಐದನ್ನು ಆಪಾ ಕಟ್ಟೆಯ ಮೇಲೆ ಒಡೆದು ನೋಡಿದಳು. ಈಗ ನಾನೂ ಪಕ್ಕದಲ್ಲೇ ಕೂತೆ. ಎರಡರಲ್ಲಿ ಜೀವವೇ ಹಿಡಿದಿರಲಿಲ್ಲ. ಒಂದು ಮಧ್ಯದಲ್ಲೇ ಹೋಗಿತ್ತು. ಇನ್ನೆರಡರಲ್ಲಿ ಮರಿ ಪೂರ್ತಿ ಬೆಳೆದಿತ್ತು, ಆದರೆ ಮೈ ಊದಿಕೊಂಡು, ಸುತ್ತ ಲೋಳೆಯಂಥ ನೀರು ನಿಂತಿತ್ತು.

"ಇವಕ್ಕೆ ನೀರು ಜಾಸ್ತಿ ಆಗೈತೆ" ಎಂದಳು.

ಹೌದು. ಕೊನೆಯ ಹದಿನೈದು ದಿನ ಮಳೆ ಹಿಡಿದಿತ್ತು, ಹೊರಗಿನ ಗಾಳಿಯೇ ಒದ್ದೆಯಾಗಿತ್ತು. ಆಷಾಢದ ಗಾಳಿಗೆ ಹೆದರಿದ ನಾವು ಮಳೆಯಲ್ಲೂ ದೊಡ್ಡ ತಟ್ಟೆಯನ್ನೇ ಇಟ್ಟಿದ್ದೆವು. ಮೀಟರ್ ತೋರಿಸಿತ್ತು, ಪೆನ್ಸಿಲ್ ಗೆರೆಯೂ ಕೊನೆಯ ವಾರ ನಿಧಾನವಾಗಿತ್ತು. ಇರಲಿ, ಒಣಗುವುದಕ್ಕಿಂತ ವಾಸಿ ಎಂದುಕೊಂಡು ಇಬ್ಬರೂ ಸುಮ್ಮನಿದ್ದೆವು.

"ಮುಂದಿನ ಸಲ ಚಿಕ್ಕ ತಟ್ಟೆ ಇಡಾಣ" ಎಂದೆ.

"ಮೊದ್ಲು ಮಳೆ ಇರ್ತೈತೋ ಇಲ್ವೋ ನೋಡಾಣ" ಎಂದು ಅವಳು ಚಿಪ್ಪುಗಳನ್ನು ಬಳಿದು, ಪುಡಿ ಮಾಡಿ ಕೋಳಿಗಳಿಗೆ ಹಾಕಲು ತೆಗೆದಿಟ್ಟಳು. ಹದಿನೈದು ಮರಿಗಳನ್ನು ರಟ್ಟಿನ ಪೆಟ್ಟಿಗೆಗೆ ಹಾಕಿ, ಮೇಲೊಂದು ಬಲ್ಬು ಇಳಿಬಿಟ್ಟು, ಅವಳ ಮನೆಗೆ ಸಾಗಿಸಿದೆವು. ತಿಂಗಳಲ್ಲಿ ಮೂರು ಹದ್ದಿಗೆ ಹೋದವು. ಹನ್ನೆರಡು ಉಳಿದವು.